ಕನ್ನಡದ ಸರಿ, ಇಂಗ್ಲಿಷಿನ ತಪ್ಪು: ಪ್ರೂಫ್ ನೋಡುವ ಅಭ್ಯಾಸಕ್ಕೆ ಒಂದಿಷ್ಟು ಟಿಪ್ಪಣಿ

ಇಂಗ್ಲಿಷ್ ಚೆನ್ನಾಗಿಯೇ ಬರೆಯುವವರು ಮಾಡುವ ತಪ್ಪುಗಳ ಬಗ್ಗೆ ಈ ಟಿಪ್ಪಣಿ. ಪ್ರೂಫ್ ನೋಡುವುದು ಅಂದರೆ ಅಚ್ಚಿಗೆ ಹೋಗುವ ಮೊದಲು ಬರಹದ ತಪ್ಪು ಹುಡುಕಿ ತಿದ್ದುವುದು. 'ಹೀ ಗೋ' ಅಂತ ಬರೆಯುವ ಹಂತ ದಾಟಿ ಬಂದವರಿಗೆ ಇದು. ಎಂಎ ಓದುತ್ತಿರುವವರು, ಕೇಂದ್ರ ಸರ್ಕಾರಿ ಕೆಲಸಕ್ಕೆ ನಡೆಯುವ ಎಸ್‌ಎಸ್‌ಸಿ ಪರೀಕ್ಷೆಯ ಎರರ್ ಸ್ಪಾಟಿಂಗ್‌ಗೆ (ವಾಕ್ಯದಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಿಗೆ) ತಯಾರಾಗುತ್ತಿರುವವರು, ಅನುವಾದ ಮಾಡುವವರು. ನಮ್ಮ ತಪ್ಪುಗಳು ಜಾಸ್ತಿ ಇರುವುದಿಲ್ಲ. ಪುಟಕ್ಕೆ ನಾಲ್ಕೋ ಐದೋ. ಆದರೆ ಮತ್ತೆ ಮತ್ತೆ ಅವೇ ಬರುತ್ತವೆ.

ನಾನು ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವವಳು. ಆ ಹೊತ್ತಿನಲ್ಲಿ ನನ್ನದೇ ಹಳೆಯ ಬರಹಗಳನ್ನು ಕೆಂಪು ಪೆನ್ ಹಿಡಿದು ತಿದ್ದುತ್ತೇನೆ. ತಿದ್ದಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾ ಹೋದಾಗ ಒಂದು ವಿಷಯ ಗೊತ್ತಾಯಿತು. ಈ ತಪ್ಪುಗಳು ಸುಮ್ನೆ ಬಂದವಲ್ಲ. ಕನ್ನಡದಲ್ಲಿ ಸರಿಯಾಗಿರುವುದೇ ಇಂಗ್ಲಿಷಿಗೆ ಹೋಗಿ ತಪ್ಪಾಗಿದೆ. ಅದಕ್ಕೇ ಎಷ್ಟು ಸಲ ಓದಿದರೂ ಕಣ್ಣಿಗೆ ಬೀಳುವುದಿಲ್ಲ. 'ಜೋರಾಗಿ ಓದಿ, ಕಿವಿಗೆ ಹಿತ ಅನ್ನಿಸದಿದ್ದರೆ ತಿದ್ದಿ' ಅಂತ ಹೇಳುತ್ತಾರಲ್ಲ, ಅದು ಇಂಗ್ಲಿಷ್ ಮನೆಮಾತಾದವರಿಗೆ ಸರಿ. ನಮ್ಮ ಕಿವಿ ಕನ್ನಡದ ಕಿವಿ. ಅದಕ್ಕೆ ಈ ತಪ್ಪುಗಳು ಹಿತವಾಗಿಯೇ ಕೇಳಿಸುತ್ತವೆ.

ವಿಭಕ್ತಿಯ ಬಾಲ ಹಿಡಿದು ಬರುವ ತಪ್ಪು

ಮೊದಲು 'ಬಗ್ಗೆ' ನೋಡೋಣ. 'ಆ ವಿಷಯದ ಬಗ್ಗೆ ಚರ್ಚೆ ಮಾಡಿದೆವು' ಅನ್ನುತ್ತೇವೆ. ಆ 'ಬಗ್ಗೆ' ಇಂಗ್ಲಿಷಿಗೆ 'ಅಬೌಟ್' ಆಗಿ ಹೋಗುತ್ತದೆ. 'ವಿ ಡಿಸ್ಕಸ್ಡ್ ಅಬೌಟ್ ದಿ ಮ್ಯಾಟರ್' ಅಂತ ಬರೆದುಬಿಡುತ್ತೇವೆ. ಡಿಸ್ಕಸ್ ಅನ್ನುವ ಕ್ರಿಯಾಪದದೊಳಗೇ ಆ 'ಬಗ್ಗೆ' ಇದೆ. 'ವಿ ಡಿಸ್ಕಸ್ಡ್ ದಿ ಮ್ಯಾಟರ್' ಅಷ್ಟೇ ಸಾಕು.

'-ಗೆ' ಇನ್ನೂ ಕಷ್ಟದ್ದು, ಯಾಕೆಂದರೆ ಅದು ಎರಡೂ ಕಡೆ ಎಡವಿಸುತ್ತದೆ. 'ಅವನಿಗೆ ಹೇಳಿದೆ' ಅನ್ನುವುದು 'ಐ ಟೋಲ್ಡ್ ಟು ಹಿಮ್' ಆಗುತ್ತದೆ. ಅಲ್ಲಿ 'ಟು' ಬೇಡ. 'ನನಗೆ ವಿವರಿಸಿ' ಅನ್ನುವುದು 'ಎಕ್ಸ್‌ಪ್ಲೇನ್ ಮಿ' ಆಗುತ್ತದೆ. ಅಲ್ಲಿ 'ಟು' ಬೇಕು, 'ಎಕ್ಸ್‌ಪ್ಲೇನ್ ಇಟ್ ಟು ಮಿ'. ಕನ್ನಡಕ್ಕೆ ಎರಡೂ ಒಂದೇ '-ಗೆ'. ಇಂಗ್ಲಿಷಿನಲ್ಲಿ ಕ್ರಿಯಾಪದ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಇಲ್ಲಿ ಒಂದು ನಿಯಮ ಹುಡುಕುತ್ತಾ ಕೂರಬೇಡಿ. ಟೆಲ್, ಆಸ್ಕ್, ಆನ್ಸರ್ ಈ ಮೂರಕ್ಕೆ ವ್ಯಕ್ತಿಯ ಮುಂದೆ 'ಟು' ಇಲ್ಲ. ಸೇ, ಎಕ್ಸ್‌ಪ್ಲೇನ್, ಸಜೆಸ್ಟ್, ರಿಪ್ಲೈ ಈ ನಾಲ್ಕಕ್ಕೆ ಇದೆ. ಈ ಏಳನ್ನು ಗಟ್ಟಿ ಮಾಡಿಕೊಂಡರೆ ಎಷ್ಟೋ ಕಡೆ ಬಚಾವ್.

'-ಗಿಂತ' ಕೂಡ ಹೀಗೇ. 'ನನಗಿಂತ ಸೀನಿಯರ್', 'ಕಾಫಿಗಿಂತ ಟೀ ಇಷ್ಟ'. '-ಗಿಂತ' ಬಂದ ಕಡೆಯಲ್ಲೆಲ್ಲ ಕೈ ತಾನಾಗಿ 'ದ್ಯಾನ್' ಬರೆಯುತ್ತದೆ. ಆದರೆ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಇವಕ್ಕೆ 'ಟು' ಬೇಕು. ಪ್ರಿಫರ್ ಟೀ ಟು ಕಾಫಿ. ಎರರ್ ಸ್ಪಾಟಿಂಗ್ ಪ್ರಶ್ನೆ ಮಾಡುವವರಿಗೆ ಇದು ಬಲು ಇಷ್ಟದ ಜಾಗ.

ಇನ್ನು '-ಇಂದ'. 'ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡ್ತಾ ಇದ್ದೀನಿ.' ಇದರಲ್ಲಿ ಒಂದಲ್ಲ, ಎರಡು ಬಲೆ ಇವೆ. 'ಸೋಮವಾರದಿಂದ', 'ಮೂರು ದಿನದಿಂದ' ಎರಡಕ್ಕೂ ನಮ್ಮಲ್ಲಿ '-ಇಂದ' ನಡೆಯುತ್ತದೆ. ಇಂಗ್ಲಿಷಿನಲ್ಲಿ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ತೋರಿಸಬಹುದಾದ ದಿನಕ್ಕೆ 'ಸಿನ್ಸ್', ಅಳತೆ ಮಾಡಿ ಹೇಳುವ ಅವಧಿಗೆ 'ಫಾರ್'. ಎರಡನೇ ಬಲೆ ಕಾಲದ್ದು. ನಾವು 'ಮಾಡ್ತಾ ಇದ್ದೀನಿ' ಅಂತ ವರ್ತಮಾನದಲ್ಲೇ ಮುಗಿಸುತ್ತೇವೆ. ಇಂಗ್ಲಿಷಿನಲ್ಲಿ 'ಹ್ಯಾವ್ ಬೀನ್ ವರ್ಕಿಂಗ್' ಬೇಕು. ಎಷ್ಟೋ ಜನ 'ಸಿನ್ಸ್' ತೆಗೆದು 'ಫಾರ್' ಹಾಕಿ, 'ಐ ಆ್ಯಮ್ ವರ್ಕಿಂಗ್' ಅನ್ನುವುದನ್ನು ಹಾಗೇ ಬಿಟ್ಟುಬಿಡುತ್ತಾರೆ. ಒಂದು ತಪ್ಪು ಸಿಕ್ಕಿದ ಖುಷಿಯಲ್ಲಿ ಪಕ್ಕದ್ದು ಕಾಣಿಸುವುದಿಲ್ಲ. ತಪ್ಪು ಸಿಕ್ಕ ವಾಕ್ಯವನ್ನು ಇನ್ನೊಂದು ಸಲ ನೋಡಲೇಬೇಕು.

'ದಿ' ಅನ್ನುವ ದೊಡ್ಡ ತಲೆನೋವು

ಕನ್ನಡದಲ್ಲಿ ಆರ್ಟಿಕಲ್ (ಎ, ಆ್ಯನ್, ದಿ) ಇಲ್ಲ, ಅದಕ್ಕೇ ನಮಗೆ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಆದರೆ 'ದಿ' ಮಾಡುವ ಕೆಲಸ ಕನ್ನಡಕ್ಕೆ ಗೊತ್ತಿಲ್ಲದ್ದೇನಲ್ಲ. 'ಪುಸ್ತಕ ಕೊಂಡುಕೊಂಡೆ' ಅಂದರೆ ಯಾವುದೋ ಪುಸ್ತಕ. 'ಪುಸ್ತಕಾನ ಕೊಂಡುಕೊಂಡೆ' ಅಂದರೆ? ಕೇಳುವವರಿಗೂ ಗೊತ್ತಿರುವ ಪುಸ್ತಕ, ಮೊದಲೇ ಮಾತಾಡಿಕೊಂಡಿದ್ದದ್ದು. ಮೊದಲನೆಯದು 'ಎ ಬುಕ್', ಎರಡನೆಯದು 'ದಿ ಬುಕ್'. ಆ '-ಅನ್ನು' ಬಂದ ಕಡೆ ನಮ್ಮೊಳಗೇ ಒಂದು 'ದಿ' ಇದೆ.

ಅನುಮಾನ ಬಂದಾಗ ವಾಕ್ಯವನ್ನು ಮನಸ್ಸಿನಲ್ಲೇ ಆಡುಮಾತಿಗೆ ತನ್ನಿ. ಕರ್ಮಪದಕ್ಕೆ '-ಅನ್ನು' ಸಲೀಸಾಗಿ ಕೂರುತ್ತದೆಯೋ ನೋಡಿ. ಕೂತರೆ 'ದಿ' ಇರುವ ಸಾಧ್ಯತೆ ಹೆಚ್ಚು. ಇದು ಆಡುಮಾತಿನಲ್ಲಿ ಮಾತ್ರ ಕೆಲಸ ಮಾಡುತ್ತದೆ ಅನ್ನುವುದು ನೆನಪಿರಲಿ. ಬರಹದ ಕನ್ನಡದಲ್ಲಿ '-ಅನ್ನು' ಎಲ್ಲ ಕಡೆಯೂ ಬರುತ್ತದೆ. ಮನುಷ್ಯರನ್ನು ಹೇಳುವಾಗಲೂ ಅದು ಬೇಕೇ ಬೇಕು, ಹಾಗಾಗಿ ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಹೆಸರುಗಳಿಗೆ ಬಂದರೆ ನಮ್ಮೂರಿನ ಉದಾಹರಣೆಯೇ ಸಾಕು. ನದಿಗೆ 'ದಿ' ಇದೆ: ದಿ ಕಾವೇರಿ. ಕೆರೆಗೆ ಇಲ್ಲ: ಕುಕ್ಕರಹಳ್ಳಿ ಲೇಕ್. ಒಂಟಿ ಬೆಟ್ಟಕ್ಕೆ ಇಲ್ಲ: ಚಾಮುಂಡಿ ಹಿಲ್. ಬೆಟ್ಟಸಾಲಿಗೆ ಇದೆ: ದಿ ವೆಸ್ಟರ್ನ್ ಘಾಟ್ಸ್. 1916ರಲ್ಲಿ ಶುರುವಾದ ನಮ್ಮ ವಿಶ್ವವಿದ್ಯಾನಿಲಯವನ್ನು ಎರಡು ಥರ ಬರೆಯಬಹುದು. 'ಆಫ್' ಇದ್ದರೆ ದಿ ಯೂನಿವರ್ಸಿಟಿ ಆಫ್ ಮೈಸೂರ್. 'ಆಫ್' ಇಲ್ಲದಿದ್ದರೆ ಬರೀ ಮೈಸೂರ್ ಯೂನಿವರ್ಸಿಟಿ.

'ಎ' ಮತ್ತು 'ಆ್ಯನ್' ವಿಷಯದಲ್ಲಿ ನಮಗೊಂದು ಅನುಕೂಲ ಇದೆ. ಇಂಗ್ಲಿಷಿನಲ್ಲಿ ನೋಡಬೇಕಾದದ್ದು ಅಕ್ಷರವನ್ನಲ್ಲ, ಉಚ್ಚಾರವನ್ನು. ಕನ್ನಡ ಲಿಪಿ ಉಚ್ಚಾರವನ್ನೇ ಬರೆಯುತ್ತದೆ ಅಲ್ವಾ? ಹಾಗಾದರೆ ಪದವನ್ನು ಕನ್ನಡದಲ್ಲಿ ಬರೆದು ನೋಡಿ. 'ಯೂನಿವರ್ಸಿಟಿ' ಯಕಾರದಿಂದ ಶುರು, ಹಾಗಾಗಿ 'ಎ'. 'ಅವರ್' ಅಂದರೆ ಗಂಟೆ, ಸ್ವರದಿಂದ ಶುರು, ಹಾಗಾಗಿ 'ಆ್ಯನ್'. 'ಎಂಎ ಡಿಗ್ರಿ'ಗೂ 'ಆ್ಯನ್'. ಒಂದು ಕಡೆ ಮಾತ್ರ ಹುಷಾರು. ನಾವು 'ಒನ್' ಅಂತ ಬರೆಯುತ್ತೇವೆ, ನಿಜವಾದ ಉಚ್ಚಾರ 'ವನ್'. ಅದಕ್ಕೆ 'ಎ ವನ್-ಡೇ ಮ್ಯಾಚ್' ಸರಿ.

ಅಭ್ಯಾಸಕ್ಕೆ ನಾವು ಮಾಡುವುದು ಇದು. ಸಂಜೆ ಬರುವ ಸ್ಟಾರ್ ಆಫ್ ಮೈಸೂರ್ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಆರಿಸಿಕೊಳ್ಳುತ್ತೇವೆ. ಒಬ್ಬರು ಅದರ ಆರ್ಟಿಕಲ್‌ಗಳನ್ನೆಲ್ಲ ವೈಟ್ನರ್‌ನಲ್ಲಿ ಅಳಿಸುತ್ತಾರೆ, ಜಾಗವನ್ನೂ ಬಿಡದೆ ಸೇರಿಸಿ ನಕಲು ಮಾಡಿ ಕೊಡುತ್ತಾರೆ. ಇನ್ನೊಬ್ಬರು ಎಲ್ಲಿ ಏನು ಬೇಕು ಅಂತ ತುಂಬಬೇಕು. ಖಾಲಿ ಜಾಗ ಬಿಟ್ಟು ಕೊಟ್ಟರೆ ಪ್ರಯೋಜನ ಇಲ್ಲ. ಇಲ್ಲದ್ದನ್ನು ಗುರುತಿಸುವುದೇ ನಿಜವಾದ ಕಷ್ಟ.

ಇನ್ನೂ ಕೆಲವು, ಬೇಗ ಬೇಗ

'ಅವನು ಎಲ್ಲಿದ್ದಾನೆ?' 'ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ.' ಕನ್ನಡದಲ್ಲಿ ಪ್ರಶ್ನೆ ಒಳಗೆ ಸೇರಿದರೂ ಪದಗಳ ಸಾಲು ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಬದಲಾಗುತ್ತದೆ: 'ಐ ಡೋಂಟ್ ನೋ ವೇರ್ ಹೀ ಈಸ್'.

'ಹತ್ತು ಪುಸ್ತಕ', 'ಮೂರು ಥರ'. ಮನುಷ್ಯರನ್ನು ಬಿಟ್ಟು ಬೇರೆಯದಕ್ಕೆ ಸಂಖ್ಯೆ ಇದ್ದರೆ ನಮಗೆ ಬಹುವಚನ ಬೇಡ. ಅದಕ್ಕೇ 'ತ್ರೀ ಟೈಪ್ ಆಫ್' ಅನ್ನುವುದು ನುಸುಳುತ್ತದೆ. 'ನನ್ನ ಫ್ರೆಂಡ್ ಒಬ್ಬ' ಅನ್ನುವುದು 'ಒನ್ ಆಫ್ ಮೈ ಫ್ರೆಂಡ್' ಆಗುತ್ತದೆ. 'ಒನ್ ಆಫ್' ಕಂಡ ಕೂಡಲೇ ಮುಂದಿನ ನಾಮಪದದ ಬಾಲ ನೋಡಿ, ಆಮೇಲೆ ಕ್ರಿಯಾಪದ ಏಕವಚನದಲ್ಲಿದೆಯೋ ನೋಡಿ.

'ಅರ್ಥ ಆಗ್ತಾ ಇಲ್ಲ' ಅನ್ನುವುದರಿಂದ 'ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್' ಬರುತ್ತದೆ. ಬರಹದಲ್ಲಿ 'ಐ ಡೋಂಟ್ ಅಂಡರ್‌ಸ್ಟ್ಯಾಂಡ್' ಇರಲಿ.

'ಮೈಸೂರಲ್ಲೇ ಓದಿದ್ದು.' ಆ ಏಕಾರ ಇಂಗ್ಲಿಷಿಗೆ 'ಓನ್ಲಿ' ಆಗಿ ಹೋದರೆ ಅರ್ಥವೇ ಕೆಡುತ್ತದೆ. 'ಇನ್ ಮೈಸೂರ್ ಓನ್ಲಿ' ಅಂದರೆ ಬೇರೆಲ್ಲೂ ಓದಿಲ್ಲ ಅಂತ. ನಾವು ಹೇಳಬೇಕೆಂದದ್ದು ಅದಲ್ಲ. ಬರೀ ಒತ್ತು ಕೊಡುವುದಕ್ಕೆ ಬಂದ 'ಓನ್ಲಿ' ತೆಗೆದುಬಿಡಿ.

ಓದುವುದಲ್ಲ, ನೋಡುವುದು

ನನ್ನಿಂದಾದ ಒಂದು ತಪ್ಪನ್ನು ಹೇಳಬೇಕು. ಒಂದು ಕಾಲೇಜಿನ ಕಾರ್ಯಕ್ರಮಕ್ಕೆ ಇಂಗ್ಲಿಷ್ ಆಹ್ವಾನ ಪತ್ರಿಕೆ ಬರೆದುಕೊಟ್ಟಿದ್ದೆ. ಐದು ಸಲ ಓದಿದ್ದೆ. ಅಚ್ಚಾಗಿ ಬಂದಮೇಲೆ ನೋಡಿದರೆ ಅಧ್ಯಕ್ಷತೆ ವಹಿಸುವ ಪ್ರಿನ್ಸಿಪಾಲರ ಹುದ್ದೆಯ ಸ್ಪೆಲ್ಲಿಂಗ್ ಕೊನೆಯಲ್ಲಿ 'ಪಿ ಎ ಎಲ್' ಆಗುವ ಬದಲು 'ಪಿ ಎಲ್ ಇ' ಆಗಿತ್ತು. ಅದು ತತ್ವ, ನಿಯಮ ಅನ್ನುವ ಅರ್ಥದ ಬೇರೆಯೇ ಪದ. ಅದೂ ನಿಜವಾದ ಪದವೇ ಆದ್ದರಿಂದ ಕಂಪ್ಯೂಟರಿನ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆದಿರಲಿಲ್ಲ. ಮುನ್ನೂರು ಪ್ರತಿ ಮತ್ತೆ ಹಾಕಿಸಬೇಕಾಯಿತು. ಆ ದಿನದ ಸಂಕಟ ಇನ್ನೂ ನೆನಪಿದೆ.

ಪ್ರೆಸ್‌ನಲ್ಲಿ ವಯಸ್ಸಾದ ಒಬ್ಬರು ಪ್ರೂಫ್ ನೋಡುತ್ತಿದ್ದರು. ನನ್ನ ಮುಖ ನೋಡಿ ಹತ್ತಿರ ಕರೆದರು.

"ಎಷ್ಟು ಸಲ ಓದ್ದೆಯಮ್ಮ?"

"ಐದು ಸಲ ಸಾರ್."

"ಓದಿದ್ದಕ್ಕೇ ಸಿಕ್ಕಿಲ್ಲ. ಪ್ರೂಫ್ ನೋಡೋದು ಅಂತೀವಿ, ಓದೋದು ಅಂತೀವಾ?"

ಅವರು ಒಂದು ಹಳೇ ಆಹ್ವಾನ ಪತ್ರಿಕೆಯನ್ನು ಮಡಚಿ ನನ್ನ ಪತ್ರಿಕೆಯ ಕೊನೆಯ ಸಾಲಿನ ಮೇಲೆ ಇಟ್ಟರು. ಆ ಸಾಲು ಮಾತ್ರ ಕಾಣುವ ಹಾಗೆ ಮೇಲಿನದನ್ನೆಲ್ಲ ಮುಚ್ಚಿದರು. ಪೆನ್ಸಿಲ್ ತುದಿ ಒಂದೊಂದೇ ಪದದ ಕೆಳಗೆ ನಿಂತು ಮುಂದೆ ಹೋಯಿತು. ಆಮೇಲೆ ಅದರ ಮೇಲಿನ ಸಾಲು. ಹೀಗೆ ಕೆಳಗಿನಿಂದ ಮೇಲಕ್ಕೆ. ಅರ್ಥದ ಓಟ ತಪ್ಪಿಹೋಗುತ್ತದೆ, ಮನಸ್ಸು ಮುಂದಿನ ಪದವನ್ನು ತಾನೇ ಊಹಿಸುವುದು ನಿಲ್ಲುತ್ತದೆ. ಪದ ಪದವಾಗಿ ಕಾಣುತ್ತದೆ. ಸ್ಪೆಲ್ಲಿಂಗ್ ತಪ್ಪಿಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ವ್ಯಾಕರಣಕ್ಕೆ ಇದು ಸಾಲದು, ಅದಕ್ಕೆ ಪೂರ್ತಿ ವಾಕ್ಯ ಬೇಕು. ಅಲ್ಲಿ ನಾನು ಒಂದು ಸಲಕ್ಕೆ ಒಂದೇ ತಪ್ಪನ್ನು ಹುಡುಕುತ್ತೇನೆ. ಒಂದು ಸುತ್ತು ಬರೀ ಆರ್ಟಿಕಲ್. ಇನ್ನೊಂದು ಸುತ್ತು ಕರ್ತೃ ಮತ್ತು ಕ್ರಿಯಾಪದ ಹೊಂದುತ್ತವೆಯೋ ಅಂತ. ಕಂಪ್ಯೂಟರಿನಲ್ಲಿದ್ದರೆ ಸಿನ್ಸ್, ಡಿಸ್ಕಸ್, ಒನ್ ಆಫ್ ಇವನ್ನು ಸರ್ಚ್ ಕೊಟ್ಟು ಒಂದೊಂದನ್ನೇ ನೋಡುತ್ತೇನೆ. ಯಾವುದನ್ನು ಸರ್ಚ್ ಕೊಡಬೇಕು ಅನ್ನುವುದು ನೋಟ್‌ಬುಕ್ ಹೇಳುತ್ತದೆ. ಅದರಲ್ಲಿ ಮೂರು ಕಾಲಂ: ಬರೆದದ್ದು, ಆಗ ತಲೆಯಲ್ಲಿದ್ದ ಕನ್ನಡ, ಸರಿಯಾದದ್ದು. ನಡುವಿನ ಕಾಲಂ ಬಿಡಬೇಡಿ. ಅದನ್ನು ಬರೆಯದೆ ಇದ್ದಷ್ಟು ದಿನ ನನ್ನ ತಪ್ಪುಗಳು ಕಡಿಮೆ ಆಗಲಿಲ್ಲ.

ಒಂದು ಅಭ್ಯಾಸ

ಮೈಸೂರು ಅರಮನೆಯ ಬಗ್ಗೆ ಆರು ವಾಕ್ಯ ಕೊಟ್ಟಿದ್ದೇನೆ. ಕೆಳಗಿನ ಉತ್ತರ ನೋಡುವ ಮೊದಲು ಪೆನ್ಸಿಲ್ ಹಿಡಿಯಿರಿ.

1. ದಿ ಓಲ್ಡ್ ವುಡನ್ ಪ್ಯಾಲೇಸ್ ವಾಸ್ ಡಿಸ್ಟ್ರಾಯ್ಡ್ ಬೈ ಫೈರ್ ಇನ್ 1897 ಡ್ಯೂರಿಂಗ್ ರಾಯಲ್ ವೆಡ್ಡಿಂಗ್.

2. ಹೆನ್ರಿ ಇರ್ವಿನ್, ಹೂ ವಾಸ್ ಬ್ರಿಟಿಷ್ ಆರ್ಕಿಟೆಕ್ಟ್, ಡಿಸೈನ್ಡ್ ದಿ ನ್ಯೂ ಒನ್.

3. ದಿ ವರ್ಕ್ ಆನ್ ದಿ ಹಾಲ್ಸ್, ಪಿಲರ್ಸ್ ಅಂಡ್ ಡೋಮ್ಸ್ ವರ್ ಕಂಪ್ಲೀಟೆಡ್ ಇನ್ 1912.

4. ಇಟ್ ಈಸ್ ಒನ್ ಆಫ್ ದಿ ಬೆಸ್ಟ್-ನೋನ್ ಬಿಲ್ಡಿಂಗ್ ಇನ್ ಸೌತ್ ಇಂಡಿಯಾ.

5. ದಿ ಗೈಡ್ಸ್ ಕ್ಯಾನ್ ಟೆಲ್ ಯು ವೆನ್ ವಾಸ್ ಇಟ್ ಬಿಲ್ಟ್.

6. ಆನ್ ಸಂಡೇ ಈವ್ನಿಂಗ್ಸ್ ದಿ ಪ್ಯಾಲೇಸ್ ಈಸ್ ಲಿಟ್ ವಿತ್ ಥೌಸಂಡ್ಸ್ ಆಫ್ ಬಲ್ಬ್ಸ್.

ಒಂದರಲ್ಲಿ 'ಎ ರಾಯಲ್ ವೆಡ್ಡಿಂಗ್' ಆಗಬೇಕು. ಓದುವವರಿಗೆ ಆ ಮದುವೆ ಇನ್ನೂ ಗೊತ್ತಿಲ್ಲ, ಹಾಗಾಗಿ 'ದಿ' ಅಲ್ಲ. ಅದೇ ವಾಕ್ಯದ 'ಬೈ ಫೈರ್' ಸರಿಯಾಗಿದೆ, ಅಲ್ಲಿ ಆರ್ಟಿಕಲ್ ತುರುಕಬೇಡಿ. ಎರಡರಲ್ಲಿ 'ಎ ಬ್ರಿಟಿಷ್ ಆರ್ಕಿಟೆಕ್ಟ್'. 'ಅವರು ಆರ್ಕಿಟೆಕ್ಟ್' ಅಂದರೆ ನಮಗೆ ಪೂರ್ತಿ ವಾಕ್ಯ, ಇಂಗ್ಲಿಷಿನಲ್ಲಿ ವೃತ್ತಿಯ ಮುಂದೆ 'ಎ' ಬೇಕು.

ಮೂರನೆಯದು ಸ್ವಲ್ಪ ಕಷ್ಟದ್ದು. 'ಡೋಮ್ಸ್' ಪಕ್ಕದಲ್ಲೇ 'ವರ್' ಇರುವುದರಿಂದ ಕಣ್ಣು ಒಪ್ಪಿಬಿಡುತ್ತದೆ. ಮುಗಿದದ್ದು ಏನು ಅಂತ ಕೇಳಿ. ಕೆಲಸ. ಹಾಗಾದರೆ 'ದಿ ವರ್ಕ್ ವಾಸ್ ಕಂಪ್ಲೀಟೆಡ್'. ನಡುವೆ ಇರುವುದನ್ನು ಬೆರಳಿನಿಂದ ಮುಚ್ಚಿ ಓದಿದರೆ ತಕ್ಷಣ ಗೊತ್ತಾಗುತ್ತದೆ. ನಾಲ್ಕರಲ್ಲಿ 'ಬಿಲ್ಡಿಂಗ್ಸ್'. ಐದರಲ್ಲಿ 'ವೆನ್ ಇಟ್ ವಾಸ್ ಬಿಲ್ಟ್'.

ಆರರಲ್ಲಿ ತಪ್ಪಿಲ್ಲ. ಬೇಕಂತಲೇ ಇಟ್ಟಿದ್ದೇನೆ. ನಮ್ಮ ಗುಂಪಿನಲ್ಲಿ ಇದನ್ನು ಕೊಟ್ಟಾಗ ಒಬ್ಬರು 'ಇನ್ ಸಂಡೇ ಈವ್ನಿಂಗ್ಸ್' ಮಾಡಿದರು. ಬರೀ 'ಈವ್ನಿಂಗ್' ಇದ್ದರೆ 'ಇನ್ ದಿ ಈವ್ನಿಂಗ್' ಸರಿ, ವಾರದ ಹೆಸರು ಸೇರಿದರೆ 'ಆನ್'. ಐದು ತಪ್ಪು ಸಿಕ್ಕಮೇಲೆ ಆರನೆಯದೂ ಇರಲೇಬೇಕು ಅನ್ನಿಸುತ್ತದೆ. ಎರರ್ ಸ್ಪಾಟಿಂಗ್‌ನಲ್ಲಿ 'ನೋ ಎರರ್' ಅನ್ನುವ ಆಯ್ಕೆಗೆ ಎಷ್ಟೋ ಜನ ಅಂಕ ಕಳೆದುಕೊಳ್ಳುವುದು ಇಲ್ಲೇ. ಪ್ರೂಫ್ ನೋಡುವವರಿಗೆ ಇದಕ್ಕೆಂದೇ ಒಂದು ಗುರುತು ಇದೆ. ತಪ್ಪಾಗಿ ತಿದ್ದಿದ ಪದದ ಕೆಳಗೆ ಸಾಲಾಗಿ ಚುಕ್ಕೆ ಇಟ್ಟು, ಅಂಚಿನಲ್ಲಿ 'ಸ್ಟೆಟ್' ಅಂತ ಬರೆಯುತ್ತಾರೆ. ಲ್ಯಾಟಿನ್ ಪದ ಅದು, 'ಹಾಗೇ ಇರಲಿ' ಅಂತ ಅರ್ಥ. ನೀವೂ ಆರನೇ ವಾಕ್ಯದಲ್ಲಿ ಏನಾದರೂ ತಿದ್ದಿದ್ದರೆ ಅದರ ಕೆಳಗೆ ಚುಕ್ಕೆ ಇಡಿ.