ಜೇನಿಗೆ ಊರಿನ ಹೆಸರಿಡುವ ಮೊದಲು

ಜೇನು ಸಾಕುವುದರ ಜೊತೆಗೆ ಬೇರೆಯವರ ಜೇನುತುಪ್ಪವನ್ನು ಪರೀಕ್ಷಿಸಿಕೊಡುವುದೂ ನನ್ನ ಕೆಲಸ. ಹತ್ತೋ ಹದಿನೈದೋ ಪೆಟ್ಟಿಗೆ ಇಟ್ಟುಕೊಂಡವರು ಬಾಟಲಿ ಹಿಡಿದು ಬರುತ್ತಾರೆ. ಚೀಟಿಯ ಮೇಲೆ ಊರಿನ ಹೆಸರೋ ಬೆಟ್ಟದ ಹೆಸರೋ ಅಚ್ಚಾಗಿರುತ್ತದೆ. ‘ಇದು ಯಾವ ತಿಂಗಳ ತುಪ್ಪ? ಆಗ ಯಾವ ಹೂ ಇತ್ತು?’ ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ವರ್ಷದ ಕೊಯ್ಲೆಲ್ಲ ಒಂದೇ ಡ್ರಮ್ಮಿಗೆ ಬಿದ್ದಿರುತ್ತದೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನೂರಾರು ಕಡೆಯಿಂದ ಕೊಂಡು ಒಂದೇ ಬಣ್ಣ, ಒಂದೇ ರುಚಿಗೆ ತರಬೇಕಾದ ದೊಡ್ಡ ವ್ಯಾಪಾರಿಗೆ ಬೆರೆಸದೆ ಗತ್ಯಂತರವಿಲ್ಲ. ಸಣ್ಣ ಸಾಕಣೆದಾರನಿಗೆ ಆ ಒತ್ತಾಯವಿಲ್ಲ. ಅವನಿಗಿರುವ ದೊಡ್ಡ ಅನುಕೂಲವೇ ಅದು. ಅದನ್ನೇ ಕೈಯಾರೆ ಕಳೆದುಕೊಂಡರೆ ಚೀಟಿಯ ಮೇಲಿನ ಊರಿಗೆ ಅರ್ಥವೇನು?

ಜೇನ್ನೊಣ ಸಾಮಾನ್ಯವಾಗಿ ಗೂಡಿನ ಸುತ್ತ ಎರಡು ಮೂರು ಕಿಲೋಮೀಟರ್ ಒಳಗೆ ಮೇಯುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ತುಡುವೆ ಜೇನು ಇನ್ನೂ ಹತ್ತಿರದಲ್ಲೇ. ಮೂರು ಕಿಲೋಮೀಟರ್ ಎಂದರೆ ಸುಮಾರು 28 ಚದರ ಕಿಲೋಮೀಟರ್ ನೆಲ. ಅಷ್ಟು ಜಾಗದಲ್ಲಿ ನೂರು ಬಗೆಯ ಗಿಡಗಳಿದ್ದರೂ ತುಪ್ಪಕ್ಕೆ ಒಂದು ಸ್ಪಷ್ಟ ಮುಖ ಬರುವುದಕ್ಕೆ ನೊಣಗಳ ಎರಡು ಗುಣ ಕಾರಣ. ಒಂದು ಸುತ್ತಿನಲ್ಲಿ ನೊಣ ಒಂದೇ ಜಾತಿಯ ಹೂವಿಗೆ ಅಂಟಿಕೊಳ್ಳುತ್ತದೆ. ಇದನ್ನು ಅರಿಸ್ಟಾಟಲ್ ಕಾಲದಲ್ಲೇ ಗಮನಿಸಿದ್ದರು. ಒಳ್ಳೆಯ ಮೇವು ಕಂಡ ನೊಣ ಗೂಡಿಗೆ ಬಂದು ಕುಣಿದು ಅದರ ದಿಕ್ಕು, ದೂರ ಎರಡನ್ನೂ ಸಂಗಾತಿಗಳಿಗೆ ತಿಳಿಸುತ್ತದೆ. ಇದನ್ನು ಬಿಡಿಸಿ ತೋರಿಸಿದ ಕಾರ್ಲ್ ಫಾನ್ ಫ್ರಿಷ್ 1973ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಹೀಗಾಗಿ ಮಕರಂದ ಹೇರಳವಾಗಿರುವ ಹೂವಿನ ಕಡೆಗೆ ಇಡೀ ಕುಟುಂಬವೇ ತಿರುಗುತ್ತದೆ. ಹತ್ತು ಹದಿನೈದು ದಿನಗಳಲ್ಲಿ ಆ ಹೂ ಮುಗಿದರೆ ಮೇವೂ ಬದಲಾಯಿತು, ಮೇಣದ ಕೋಶಗಳ ಎರಿಯಲ್ಲಿ ತುಂಬುವ ತುಪ್ಪವೂ ಬದಲಾಯಿತು.

ನೊಣ ಎಲ್ಲಿ ಮೇಯಬೇಕೆಂದು ನಾವು ಹೇಳಲಾರೆವು. ತುಪ್ಪ ತುಂಬಲೆಂದು ಪೆಟ್ಟಿಗೆಯ ಮೇಲೆ ಕೂರಿಸುವ ಜೇನುಕೋಣೆಯನ್ನು ಯಾವ ದಿನ ಏರಿಸಬೇಕು, ಯಾವ ದಿನ ಇಳಿಸಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಹಿಂದೆ ಅದೂ ಇರಲಿಲ್ಲ. ಗೂಡು ಒಡೆದು, ಎರಿ ಹಿಂಡಿ, ಬಂದದ್ದನ್ನು ತೆಗೆದುಕೊಳ್ಳಬೇಕಿತ್ತು. ನೊಣಗಳು ಮೇಣದಿಂದಾಗಲಿ ಅಂಟಿನಿಂದಾಗಲಿ ಮುಚ್ಚದೆ ಓಡಾಟಕ್ಕೆ ಬಿಟ್ಟುಕೊಳ್ಳುವ ಸಂದಿಯ ಅಳತೆಯನ್ನು ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಪೆಟ್ಟಿಗೆಯ ವಿನ್ಯಾಸಕ್ಕೆ ಬಳಸಿಕೊಂಡ ಮೇಲೆ ಎರಿ ಕಟ್ಟುವ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ನೋಡುವುದು ಸುಲಭವಾಯಿತು. 1865ರಲ್ಲಿ ಹ್ರುಶ್ಕಾ ಎಂಬ ಸಾಕಣೆದಾರ ತೋರಿಸಿದ ತಿರುಗುಯಂತ್ರದಿಂದ ಎರಿ ಮುರಿಯದೆ ತುಪ್ಪ ತೆಗೆಯಲು ಬಂತು. ಒಂದು ಹೂವಿನ ತುಪ್ಪ ತೆಗೆದು, ಖಾಲಿ ಎರಿಯನ್ನು ಮುಂದಿನ ಹೂವಿಗೆ ಮರಳಿಸುವುದು ಈ ಎರಡರಿಂದಲೇ ಸಾಧ್ಯವಾಗಿದೆ. ಫ್ರಾನ್ಸಿನ ಕಾರ್ಸಿಕಾ ದ್ವೀಪದವರು ಇದನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆಂದರೆ, ಕಾನೂನಿನ ರಕ್ಷಣೆಯುಳ್ಳ ಅವರ ಹೆಸರಿನ ಜೇನು ಒಂದಲ್ಲ, ಆರು ಬಗೆ. ವಸಂತದ್ದು ಬೇರೆ, ಚೆಸ್ಟ್‌ನಟ್ ತೋಪಿನದು ಬೇರೆ, ಕಹಿ ಬೆರೆತ ಶರತ್ಕಾಲದ್ದು ಬೇರೆ. ಅಷ್ಟು ಚಿಕ್ಕ ದ್ವೀಪಕ್ಕೇ ಆರು ರುಚಿಯಿದ್ದರೆ, ನಿಮ್ಮ ಪೆಟ್ಟಿಗೆಗಳ ಸುತ್ತಲೂ ಕನಿಷ್ಠ ಎರಡಾದರೂ ಇರಲೇಬೇಕು.

ಇನ್ನು ಅವಸರದ ವಿಷಯ. ನನ್ನ ಬಳಿ ಬರುವ ಕೆಟ್ಟ ಬಾಟಲಿಗಳಲ್ಲಿ ಹೆಚ್ಚಿನವು ಕಲಬೆರಕೆಯವಲ್ಲ, ಬಲಿಯದವು. ಮಕರಂದದಲ್ಲಿ ಅರ್ಧಕ್ಕಿಂತ ಹೆಚ್ಚು, ಎಷ್ಟೋ ಸಲ ಮುಕ್ಕಾಲು ಪಾಲು ನೀರೇ ಇರುತ್ತದೆ. ನೊಣಗಳು ಅದನ್ನು ಬಾಯಿಂದ ಬಾಯಿಗೆ ದಾಟಿಸಿ, ತಮ್ಮ ಕಿಣ್ವ ಬೆರೆಸಿ, ಕೋಶದಲ್ಲಿ ತೆಳುವಾಗಿ ಹರಡಿ, ರಾತ್ರಿಯಿಡೀ ರೆಕ್ಕೆ ಬೀಸಿ ಒಣಗಿಸುತ್ತವೆ. ತೇವ ಶೇ 18ರ ಆಸುಪಾಸಿಗೆ ಇಳಿದಾಗ ಮೇಣದ ಮುಚ್ಚಳ ಹಾಕುತ್ತವೆ. ತೇವದ ಹವೆಯಲ್ಲಿ, ಅದರಲ್ಲೂ ತುಡುವೆಯಲ್ಲಿ, ಮುಚ್ಚಳದ ಒಳಗೂ ಇದಕ್ಕಿಂತ ಹೆಚ್ಚು ನೀರು ಉಳಿಯುವುದುಂಟು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಸಾಮಾನ್ಯ ಜೇನಿಗೆ ಇಟ್ಟ ಗರಿಷ್ಠ ಮಿತಿ ಶೇ 20. ನಾನಾದರೋ ಶೇ 19 ದಾಟಿದ ತುಪ್ಪವನ್ನು ಬಹುಕಾಲ ಇಡಲು ಒಪ್ಪುವುದಿಲ್ಲ. ಸಕ್ಕರೆಯ ಗಾಢತೆಯನ್ನು ಸಹಿಸುವ ಯೀಸ್ಟ್ ಜೇನಿನಲ್ಲಿ ಸಹಜವಾಗಿಯೇ ಇರುತ್ತದೆ, ನೀರು ಸಿಕ್ಕರೆ ಎದ್ದು ಕೂರುತ್ತದೆ.

ಎರಿಯ ಮುಕ್ಕಾಲು ಭಾಗಕ್ಕಾದರೂ ಮುಚ್ಚಳ ಬಿದ್ದಿರಲಿ. ಚೌಕಟ್ಟನ್ನು ಅಡ್ಡ ಹಿಡಿದು ಒಮ್ಮೆ ಜೋರಾಗಿ ಕೊಡವಿ. ತೆರೆದ ಕೋಶಗಳಿಂದ ಹನಿ ಸಿಡಿದರೆ ಪೆಟ್ಟಿಗೆಗೆ ಮರಳಿಸಿ, ಒಂದು ವಾರ ಕಾಯಿರಿ. ತೇವ ಅಳೆಯುವ, ಕೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರ್ ಒಂದು ಇದ್ದರೆ ಊಹೆಯೇ ಬೇಡ. ತೆಗೆಯುವ ಕೋಣೆಯೂ ಒಣಗಿರಲಿ: ಹವೆಯ ಆರ್ದ್ರತೆ ಶೇ 60 ಮೀರಿದರೆ ಬಲಿತ ತುಪ್ಪವೂ ಗಾಳಿಯಿಂದ ನೀರು ಹೀರತೊಡಗುತ್ತದೆ. ನೊಣಗಳು ಇಡೀ ರಾತ್ರಿ ದುಡಿದು ಹೊರಹಾಕಿದ ನೀರನ್ನು ನಾವು ತೆರೆದ ಪಾತ್ರೆಯಲ್ಲಿ ಮರಳಿ ಸೇರಿಸಬಾರದು.

ಒಮ್ಮೆ ಹೊಸ ಸಾಕಣೆದಾರರೊಬ್ಬರು ಹರಳುಗಟ್ಟಿದ ತುಪ್ಪವನ್ನು ಕೆಟ್ಟಿತೆಂದು ಭಾವಿಸಿ, ನೇರವಾಗಿ ಒಲೆಯ ಮೇಲಿಟ್ಟು ಕಾಯಿಸಿ ತಂದಿದ್ದರು. ಬಣ್ಣ ಕಪ್ಪಾಗಿತ್ತು, ಹೂವಿನ ಗಂಧ ಹೋಗಿ ಪಾಕದ ವಾಸನೆ ಉಳಿದಿತ್ತು. ಹರಳುಗಟ್ಟುವುದು ದೋಷವಲ್ಲ, ಹೂವಿನ ಗುಣ. ಗ್ಲುಕೋಸ್ ಹೆಚ್ಚಿರುವ, ಸಾಸಿವೆ ಜಾತಿಯ ರೇಪ್‌ಸೀಡ್ ಹೂವಿನ ತುಪ್ಪ ಕೆಲವೇ ದಿನಗಳಲ್ಲಿ, ತಡಮಾಡಿದರೆ ಎರಿಯಲ್ಲೇ, ಗಟ್ಟಿಯಾಗುತ್ತದೆ. ಫ್ರಕ್ಟೋಸ್ ಹೆಚ್ಚಿರುವ ರೊಬಿನಿಯಾ ಮರದ ಹೂವಿನ ತುಪ್ಪ ಬಹುಕಾಲ ದ್ರವವಾಗಿಯೇ ಇರುತ್ತದೆ. ಸುಮಾರು 14 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹರಳು ಅತಿ ಬೇಗ ಕಟ್ಟುತ್ತದೆ. ಆದರೆ ಒಂದು ಎಚ್ಚರ ಬೇಕು: ಗ್ಲುಕೋಸ್ ಹರಳಾದಾಗ ಅದು ಬಿಟ್ಟ ನೀರು ಉಳಿದ ದ್ರವವನ್ನು ತೆಳುವಾಗಿಸುತ್ತದೆ. ಬಲಿಯದ ತುಪ್ಪ ಹರಳುಗಟ್ಟಿದ ಮೇಲೆಯೇ ಹುಳಿಯಾಗಲು ಇದೇ ಕಾರಣ. ಕರಗಿಸಲೇಬೇಕಿದ್ದರೆ ಬಾಟಲಿಯನ್ನು 40 ಡಿಗ್ರಿಯ ಬಿಸಿನೀರಿನಲ್ಲಿ ಇಟ್ಟು ತಾಳ್ಮೆಯಿಂದ ಕಾಯಿರಿ. ಗೂಡಿನಲ್ಲಿ ಮರಿಗಳಿರುವ ಜಾಗದ ಬಿಸಿಯೇ 34–35 ಡಿಗ್ರಿ ಎಂಬುದನ್ನು ನೆನಪಿಡಿ. ಅತಿ ಬಿಸಿಯಲ್ಲಿ ಕಿಣ್ವಗಳು ನಾಶವಾಗಿ ಎಚ್‌ಎಂಎಫ್ ಎಂಬ ರಾಸಾಯನಿಕ ಏರುತ್ತದೆ. ಕೋಡೆಕ್ಸ್ ಅದಕ್ಕೆ ಕಿಲೋಗೆ 40 ಮಿಲಿಗ್ರಾಂ, ಉಷ್ಣವಲಯದ ಜೇನಿಗೆ 80 ಮಿಲಿಗ್ರಾಂ ಮಿತಿ ಹಾಕಿದೆ.

ಸಕ್ಕರೆ ಪಾಕದ ಬಗ್ಗೆ ಒಂದು ಮಾತು. ಬರಗಾಲದಲ್ಲಿ ಕುಟುಂಬಕ್ಕೆ ಪಾಕ ಉಣಿಸುವುದು ತಪ್ಪಲ್ಲ, ಹಸಿವಿನಿಂದ ಸಾಯಿಸುವುದು ತಪ್ಪು. ಆದರೆ ಜೇನುಕೋಣೆ ಏರಿಸಿದ ಮೇಲೆ ಪಾಕದ ಪಾತ್ರೆ ಪೆಟ್ಟಿಗೆಯ ಹತ್ತಿರವೂ ಸುಳಿಯಬಾರದು. ನೊಣಗಳು ಅದನ್ನು ಬೇರೆ ಎಂದು ಗುರುತಿಸಿ ಇಡುವುದಿಲ್ಲ, ಮೇಲಕ್ಕೆ ಸಾಗಿಸಿಬಿಡುತ್ತವೆ. ಕೆಳಗೆ ಮರಿಗಳಿರುವ ಸಂಸಾರಕೋಣೆಯ ತುಪ್ಪಕ್ಕೆ ಕೈ ಹಾಕದಿದ್ದರೆ ಪಾಕದ ಅಗತ್ಯವೂ ಕಡಿಮೆಯಾಗುತ್ತದೆ. ನೊಣಗಳನ್ನು ಕಾಡುವ ನುಸಿಗೆ ಔಷಧಿ ಇಡುವುದೂ ಕೊಯ್ಲು ಮುಗಿದ ಮೇಲೆಯೇ.

ಸ್ಥಳೀಯ ಜೇನೆಂದರೆ ಅಮೃತವೇ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಕ್ರಿ.ಪೂ. 401ರಲ್ಲಿ ಕಪ್ಪು ಸಮುದ್ರದ ದಂಡೆಯ ಬಳಿ ಜೇನು ತಿಂದ ಗ್ರೀಕ್ ಸೈನಿಕರು ಮತಿಗೆಟ್ಟು ನೆಲಕ್ಕೊರಗಿದ್ದನ್ನು ಅವರ ನಾಯಕರಲ್ಲೊಬ್ಬನಾದ ಕ್ಸೆನೊಫನ್ ಬರೆದಿಟ್ಟಿದ್ದಾನೆ. ಅಲ್ಲಿನ ರೋಡೊಡೆಂಡ್ರನ್ ಹೂಗಳ ವಿಷವೇ ಅದಕ್ಕೆ ಕಾರಣವೆಂದು ಇಂದು ತಿಳಿದಿದೆ. ನೆಲ ಏನು ಕೊಡುತ್ತದೋ ತುಪ್ಪ ಅದನ್ನೇ ಹೊರುತ್ತದೆ. ಸುತ್ತಲ ಗಿಡಗಳ ಪರಿಚಯ ಇಲ್ಲದೆ ಊರಿನ ಹೆಸರು ಹಾಕಬಾರದು ಎನ್ನುವುದು ಇದಕ್ಕಾಗಿ. ಎಷ್ಟೇ ಶುದ್ಧವಾಗಿದ್ದರೂ ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡ. ಬೊಟುಲಿಸಂ ಬೀಜಾಣುಗಳ ಅಪಾಯವಿದೆ. ಇದನ್ನು ಚೀಟಿಯಲ್ಲೇ ಬರೆಯಿರಿ.

ನೀರಿಗೆ ಹನಿ ಬಿಡುವುದು, ಹೆಬ್ಬೆರಳ ಮೇಲೆ ಇಟ್ಟು ನೋಡುವುದು, ಬೆಂಕಿಕಡ್ಡಿ ಗೀರುವುದು, ಇವುಗಳಿಂದ ಶುದ್ಧತೆಯಾಗಲಿ ಊರಾಗಲಿ ತಿಳಿಯದು. ಊರಿನ ಗುರುತು ಉಳಿಯುವುದು ಪರಾಗದಲ್ಲಿ. ಅದನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವಾಗಲೂ ವಿವೇಕ ಬೇಕು: ಚೆಸ್ಟ್‌ನಟ್ ಹೂ ಪರಾಗವನ್ನು ಧಾರಾಳವಾಗಿ ಸುರಿಯುತ್ತದೆ, ಕಿತ್ತಳೆ ಜಾತಿಯ ಹೂ ಬಹಳ ಕಡಿಮೆ ಕೊಡುತ್ತದೆ. ಸಾಮಾನ್ಯ ಜಾಲರಿಯಲ್ಲಿ ಸೋಸಿದರೆ ಪರಾಗ ತುಪ್ಪದಲ್ಲೇ ಉಳಿಯುತ್ತದೆ, ಅಷ್ಟು ಸಾಕು. ಕನ್ನಡಿಯಂತೆ ಹೊಳೆಯಲಿ ಎಂದು ಮತ್ತೆ ಮತ್ತೆ ಸೋಸಬೇಡಿ.

ಪ್ರತಿ ಕೊಯ್ಲಿನಿಂದಲೂ ಒಂದು ಚಿಕ್ಕ ಬಾಟಲಿಯನ್ನು ಮಾರದೆ ತೆಗೆದಿಡಿ. ಮೇಲೆ ಪೆಟ್ಟಿಗೆಗಳ ಜಾಗ, ಜೇನುಕೋಣೆ ಏರಿಸಿದ ಮತ್ತು ಇಳಿಸಿದ ದಿನ, ಆಗ ಅರಳಿದ್ದ ಹೂಗಳು, ತೇವದ ಪ್ರಮಾಣ ಬರೆದು ಬೆಳಕು ಬೀಳದ ಕಪಾಟಿನಲ್ಲಿ ಇಡಿ. ಪರೀಕ್ಷೆಗೆ ಬರುವಾಗ ಮಾರುವ ಬಾಟಲಿಯೊಡನೆ ಅದನ್ನೂ ತನ್ನಿ.