ಕಲ್ನಾರಿನ ಧೂಳು, ನಲವತ್ತು ವರ್ಷದ ಲೆಕ್ಕ

ಬೆಂಗಳೂರಿನ ಲಗ್ಗೆರೆ, ಪೀಣ್ಯ ಕಡೆ ಶೀಟ್ ಮನೆ ಯಾರಿಗೆ ಗೊತ್ತಿಲ್ಲ? ಆ ಬೂದು ಸಿಮೆಂಟ್ ಶೀಟಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಸುಮ್ನೆ ತಲೆ ಮೇಲೆ ಇದ್ದಷ್ಟು ದಿನ ಅಪಾಯ ಕಡಿಮೆ. ಕೊಯ್ದಾಗ, ತೂತು ಕೊರೆದಾಗ, ಒಡೆದಾಗ ಏಳುವ ಧೂಳಿನದ್ದೇ ಕಾಟ.

ಬ್ರಿಟನ್ 1931ರಲ್ಲೇ ಈ ಧೂಳಿಗೆ ನಿಯಮ ಮಾಡಿತು. 1960ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯರು ಮೆಸೊಥೀಲಿಯೋಮಾ ಅನ್ನುವ ಕ್ಯಾನ್ಸರಿಗೂ ಕಲ್ನಾರಿಗೂ ನಂಟು ತೋರಿಸಿದರು. ನಮ್ಮಲ್ಲಿ ಹೊಸ ಗಣಿ ಗುತ್ತಿಗೆ 1986ರಲ್ಲಿ ನಿಂತಿತು, ಆಮದು ಮಾತ್ರ ನಡೆದೇ ಇದೆ. ನಮ್ಮ ನೆಲದಿಂದ ತೆಗೆಯಬಾರದ್ದು ಹಡಗಿನಲ್ಲಿ ಬಂದರೆ ಸರಿ!

ಈ ಕಥೆಯ ಮುಖ್ಯ ತಿರುವು 1995ರ ಸುಪ್ರೀಂ ಕೋರ್ಟ್ ತೀರ್ಪು. ಕಲ್ನಾರಿನ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಜಾಸ್ತಿಯೋ ಅಲ್ಲಿಯವರೆಗೆ ಇಡಬೇಕು ಎಂದಿತು. ಅಷ್ಟು ವರ್ಷ ಏಕೆ? ನಾರು ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ಪೂರ್ತಿ ಹೊರಗೆ ಬರುವುದಿಲ್ಲ. ಮೆಸೊಥೀಲಿಯೋಮಾ ಕಾಣಿಸಿಕೊಳ್ಳಲು 20ರಿಂದ 50 ವರ್ಷ ಹಿಡಿಯಬಹುದು. ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್ ಕೂಡ ನಿಧಾನವಾಗಿಯೇ ಬರುತ್ತದೆ. 2011ರಲ್ಲಿ ಕೋರ್ಟು ಕಲ್ನಾರಿನ ನಿಷೇಧಕ್ಕೆ ಒಪ್ಪಲಿಲ್ಲ, ಆದರೆ ಹಳೆಯ ಆದೇಶ ಪಾಲಿಸಿ ಎಂದು ಮತ್ತೆ ಹೇಳಿತು.

ಆದೇಶವೇನೋ ಚೆನ್ನಾಗಿದೆ. ಆದರೆ ಮಸ್ಟರ್ ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಹೆಸರೇ ಇಲ್ಲದವರಿಗೆ ಯಾವ ದಾಖಲೆ? ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್‌ಗಳಲ್ಲೂ ಕಲ್ನಾರು ಇರುತ್ತಿತ್ತು. ಗ್ಯಾರೇಜಿನಲ್ಲಿ ಲಾರಿಯ ಬ್ರೇಕ್ ಡ್ರಮ್ ಬಿಚ್ಚಿ ಏರ್ ಹೊಡೆದ ಹುಡುಗರು, ಶೆಡ್ಡಿನಲ್ಲಿ ಗ್ಯಾಸ್ಕೆಟ್ ಕತ್ತರಿಸಿದವರು, ಕಾಂಟ್ರಾಕ್ಟ್ ಲೇಬರ್‌ಗಳು. ಮನೆಯಲ್ಲಿ ಅವರ ಬಟ್ಟೆ ಕೊಡವಿ ಒಗೆದ ಹೆಂಗಸರಿಗೂ ಧೂಳು ತಾಗಿರುತ್ತದೆ, ಅವರನ್ನಂತೂ ಯಾರೂ ಲೆಕ್ಕಕ್ಕೇ ಹಿಡಿದಿಲ್ಲ. ವಯಸ್ಸಾದ ಮೇಲೆ ಉಬ್ಬಸ ಬಂದರೆ ಟಿಬಿ ಅಂದುಕೊಂಡು ಆರು ತಿಂಗಳು ಮಾತ್ರೆ ನುಂಗುವುದೂ ಉಂಟು. ಬೀಡಿ ಸೇದ್ತೀರಾ ಅಂತ ಡಾಕ್ಟರು ಕೇಳುತ್ತಾರೆ. ಕೇಳಬೇಕಾದದ್ದೇ, ಬೀಡಿಯೂ ಕಲ್ನಾರೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು. ಮೂವತ್ತು ವರ್ಷದ ಹಿಂದೆ ಏನು ಕೆಲಸ ಮಾಡ್ತಿದ್ರಿ ಅಂತಲೂ ಕೇಳಬೇಕಲ್ವಾ?

ಈಗ ಶೀಟ್ ಮನೆಗಳು ಒಂದೊಂದಾಗಿ ಆರ್‌ಸಿಸಿ ಆಗುತ್ತಿವೆ. ಹಳೇ ಶೀಟು ಸುತ್ತಿಗೆ ಏಟಿಗೆ ಪುಡಿಯಾಗುತ್ತದೆ. ಮುಖಕ್ಕೆ ಕಟ್ಟಿದ ಟವೆಲ್ಲು ಈ ನಾರನ್ನು ತಡೆಯುವುದಿಲ್ಲ. ನೀರು ಚಿಮುಕಿಸಿ, ಒಡೆಯದೆ ಇಡಿಯಾಗಿ ಇಳಿಸಿದರೆ ಧೂಳು ಎಷ್ಟೋ ಕಡಿಮೆ. ಹಾಗೆ ಇಳಿಸಲು ಇನ್ನೊಬ್ಬ ಆಳು ಬೇಕು, ಒಂದು ದಿನದ ಕೂಲಿ ಜಾಸ್ತಿ.