ಯಾವ ಔಟ್‌ಲುಕ್, ಯಾವ ಟೀಮ್ಸ್? ಹೆಸರುಗಳ ಗೋಜಲು ಶುರುವಾಗಿದ್ದು ಹೀಗೆ

ಮೇಲ್ ತೆರೆಯುತ್ತಿಲ್ಲ ಎಂದು ಐಟಿ ವಿಭಾಗಕ್ಕೆ ಫೋನ್ ಮಾಡಿದರೆ ಮೊದಲು ಕೇಳುವುದೇ "ಯಾವ ಔಟ್‌ಲುಕ್?" ಅಂತ. ಮೈಕ್ರೋಸಾಫ್ಟ್‌ನ ಈ ಮೇಲ್ ಆ್ಯಪ್‌ನಲ್ಲಿ ಕ್ಲಾಸಿಕ್ ಒಂದು, ಹೊಸದೊಂದು, ಬ್ರೌಸರ್‌ನಲ್ಲಿ ತೆರೆಯುವುದು ಮತ್ತೊಂದು. ಹಾಟ್‌ಮೇಲ್‌ನ ಜಾಗಕ್ಕೆ ಬಂದ ಮೇಲ್ ಸೇವೆಗೂ ಇದೇ ಹೆಸರು. ಇದನ್ನೆಲ್ಲ ಬಿಡಿಸಿ ಹೇಳುವ ಹೊರೆ ಬಳಸುವವರ ಮೇಲೆ ಬೀಳಬಾರದಿತ್ತು.

1989ರಲ್ಲಿ ಮೈಕ್ರೋಸಾಫ್ಟ್ ಆಫೀಸ್ ಬಂದಾಗ ಲೆಕ್ಕ ಸುಲಭವಿತ್ತು. ವರ್ಡ್ ಅಂದರೆ ವರ್ಡ್, ಎಕ್ಸೆಲ್ ಅಂದರೆ ಎಕ್ಸೆಲ್. ಡಬ್ಬಿಯಲ್ಲಿ ಮಾರುವ ಕಾಲ ಮುಗಿದು ಚಂದಾ ಕಾಲ ಬಂತು. 2011ರಲ್ಲಿ ಆಫೀಸ್ 365. ಅಲ್ಲಿಂದ ಹೆಸರು ಸಾಧನದ್ದಾಗಿ ಉಳಿಯದೆ ಪ್ಯಾಕೇಜ್‌ನದ್ದಾಯಿತು. ಮಾರುವವರಿಗೆ ಎಲ್ಲಕ್ಕೂ ಒಂದೇ ಹೆಸರಿದ್ದರೆ ಅನುಕೂಲ. ಹುಡುಕುವವರಿಗೆ ಬೇರೆ ಬೇರೆ ಹೆಸರಿದ್ದರೇ ಅನುಕೂಲ ಅಲ್ವಾ?

ಅತಿ ಜಾಸ್ತಿ ತೊಡಕಾಗಿದ್ದು ಚಾಟ್ ಮತ್ತು ಮೀಟಿಂಗ್‌ನಲ್ಲಿ. ಆಫೀಸುಗಳಲ್ಲಿ ಇದಕ್ಕೆ ಮೈಕ್ರೋಸಾಫ್ಟ್‌ನ ಲಿಂಕ್ (Lync) ಎಂಬ ಸಾಫ್ಟ್‌ವೇರ್ ಇತ್ತು. 2011ರಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಡಾಲರ್ ಕೊಟ್ಟು ಸ್ಕೈಪ್ ಕೊಂಡಿತು. 2015ರಲ್ಲಿ ಲಿಂಕ್‌ಗೆ 'ಸ್ಕೈಪ್ ಫಾರ್ ಬಿಸಿನೆಸ್' ಎಂದು ಹೆಸರಿಟ್ಟಿತು. ನೋಡಲು ಸ್ಕೈಪ್, ಒಳಗಿರುವುದು ಲಿಂಕ್. ಮನೆಯ ಸ್ಕೈಪ್‌ನ ಐಡಿ ಹಾಕಿದರೆ ಲಾಗಿನ್ ಆಗುತ್ತಿರಲಿಲ್ಲ. "ಪಾಸ್‌ವರ್ಡ್ ಸರಿಯಾಗೇ ಇದೆ" ಎಂದು ಜನ ಪಟ್ಟು ಹಿಡಿಯುತ್ತಿದ್ದರು. ಅವರು ಹೇಳಿದ್ದು ನಿಜ. ಪಾಸ್‌ವರ್ಡ್ ಸರಿಯಿತ್ತು, ಆ್ಯಪ್ ಬೇರೆಯಿತ್ತು. ಆದರೂ ತಮಗೇ ಗೊತ್ತಾಗಲಿಲ್ಲ ಎಂದು ಕ್ಷಮೆ ಕೇಳುತ್ತಿದ್ದವರು ಅವರೇ.

2017ರಲ್ಲಿ ಟೀಮ್ಸ್ ಬಂತು. ಇನ್ನು ನಿರಾಳ ಎನ್ನುವಷ್ಟರಲ್ಲಿ, 2021ರ ವಿಂಡೋಸ್ 11ರಲ್ಲಿ ಮನೆ ಬಳಕೆಗೆಂದು ಇನ್ನೊಂದು ಟೀಮ್ಸ್ ಸೇರಿಕೊಂಡಿತು. ಆಫೀಸಿನ ಅಕೌಂಟ್ ಅದರಲ್ಲಿ ನಡೆಯುತ್ತಿರಲಿಲ್ಲ. ಎರಡೂ ಒಂದೇ ಆ್ಯಪ್ ಆಗಿದ್ದು 2024ರಲ್ಲಿ.

ಬೇರೆ ಕಡೆಯೂ ಇದೇ ಪಾಡು. ಗೂಗಲ್‌ನ ಇಂಥದೇ ಪ್ಯಾಕೇಜ್ 2006ರಲ್ಲಿ ಗೂಗಲ್ ಆ್ಯಪ್ಸ್, 2016ರಲ್ಲಿ ಜಿ ಸೂಟ್, 2020ರಲ್ಲಿ ವರ್ಕ್‌ಸ್ಪೇಸ್. ಜಿಮೇಲ್ ಹೆಸರು ಮಾತ್ರ ಹಾಗೇ ಉಳಿಯಿತು. ಅದನ್ನು ಯಾರೂ ಹುಡುಕಿ ಸುಸ್ತಾಗುವುದಿಲ್ಲ.

ಎಲ್ಲ ಬದಲಾವಣೆಯೂ ಸುಮ್ನೆ ಆಗಿದ್ದಲ್ಲ ಅನ್ನಿ. ಬ್ರಿಟನ್ನಿನಲ್ಲಿ ಟ್ರೇಡ್‌ಮಾರ್ಕ್ ಕೇಸ್ ಸೋತ ಮೇಲೆ ಮೈಕ್ರೋಸಾಫ್ಟ್‌ನ ಫೈಲ್ ಸಂಗ್ರಹ ಸೇವೆ ಸ್ಕೈಡ್ರೈವ್ 2014ರಲ್ಲಿ ಒನ್‌ಡ್ರೈವ್ ಆಗಲೇಬೇಕಾಯಿತು.

ಈಗ ಕೋಪೈಲಟ್ ಸರದಿ. ಕೋಡ್ ಬರೆಯಲು ನೆರವಾಗುವ ಎಐ ಸಾಧನಕ್ಕೆ 2021ರಲ್ಲಿ ಆ ಹೆಸರು ಬಂತು. 2023ರಲ್ಲಿ ಮೈಕ್ರೋಸಾಫ್ಟ್‌ನ ಎಐ ಚಾಟ್ ಆಗಿದ್ದ ಬಿಂಗ್ ಚಾಟ್‌ಗೂ ಅದೇ ಹೆಸರು. 2025ರ ಜನವರಿಯಲ್ಲಿ, ಹಿಂದೆ ಆಫೀಸ್ ಎಂದಿದ್ದ ಆ್ಯಪ್ 'ಮೈಕ್ರೋಸಾಫ್ಟ್ 365 ಕೋಪೈಲಟ್' ಆಯಿತು. ಕೆಲಸಕ್ಕೆ ಹೊಸದಾಗಿ ಸೇರಿದವರ ಕೈಗೆ ಕೊಡುವ ಸೂಚನೆಯಲ್ಲಿ "ಆಫೀಸ್ ತೆರೆಯಿರಿ" ಎಂದೇ ಇದ್ದರೆ, ಅವರು ಸ್ಕ್ರೀನ್‌ನಲ್ಲಿ ಆ ಹೆಸರನ್ನೇ ಹುಡುಕುತ್ತಾ ಕೂರಬೇಕು.